ಡೇರಿ ಟ್ಯಾಂಕು, ತಲೆನೋವಿನ ಮಾತ್ರೆ, ಬಿಳಿಚುವ ಬೆರಳು: ಮಂಡ್ಯದ ಒಂದು ರೇನೋ ಪ್ರಕರಣ

ರೋಗಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವರು. ವಯಸ್ಸು 41. ಅವರನ್ನು ಇಲ್ಲಿ ಸಾವಿತ್ರಮ್ಮ ಎಂದು ಕರೆಯುತ್ತೇನೆ. ಗುರುತು ಸಿಗಬಾರದೆಂದು ಹೆಸರಷ್ಟೇ ಅಲ್ಲ, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರ್ ಕೆಲಸ. ಬೆಳಗ್ಗೆ ಐದೂವರೆಗೆಲ್ಲ ಡೇರಿ ಬಾಗಿಲು ತೆಗೆಯಬೇಕು. ರೈತರು ತಂದ ಹಾಲು ಅಳೆಯಬೇಕು, ಲ್ಯಾಕ್ಟೋಮೀಟರ್ ಬಿಡಬೇಕು, ಸ್ಯಾಂಪಲ್ ತೆಗೆದು ಫ್ಯಾಟ್ ನೋಡಬೇಕು. ಟ್ಯಾಂಕರ್ ಬಂದು ಹಾಲು ತುಂಬಿಸಿಕೊಂಡು ಹೋದ ಮೇಲೆ ಕೂಲರ್ ಟ್ಯಾಂಕು ತೊಳೆಯುವುದೂ ಅವರ ಪಾಲಿಗೇ ಬಿದ್ದಿತ್ತು. ಹಾಲನ್ನು 4 ಡಿಗ್ರಿಗೆ ಇಳಿಸಿ ಇಡುವ ಸ್ಟೀಲ್ ಟ್ಯಾಂಕು ಅದು. ಹಾಲು ಖಾಲಿಯಾದರೂ ಅದರ ಗೋಡೆ ಬೇಗ ಬಿಸಿಯಾಗುವುದಿಲ್ಲ.

ಜನವರಿ ತಿಂಗಳಲ್ಲಿ ಗಂಡನ ಜೊತೆ ಮೈಸೂರಿಗೆ ಬಂದಿದ್ದರು. ಬಲಗೈ ತೋರುಬೆರಳ ತುದಿಯಲ್ಲಿ ಒಂದು ಸಣ್ಣ ಹುಣ್ಣು. ಕ್ಯಾನಿನ ಅಂಚು ತಗುಲಿ ಗಾಯ ಆಗಿದೆ ಎಂದು ಊರ ಹತ್ತಿರ ಡ್ರೆಸ್ಸಿಂಗ್ ಮಾಡಿಸಿಕೊಂಡು, ಆ್ಯಂಟಿಬಯಾಟಿಕ್ ನುಂಗಿ, ತಿಂಗಳಾದರೂ ಮಾಯದೆ ಬಂದವರು. ಹುಣ್ಣಿನ ವಿಷಯ ಮಾತಾಡುತ್ತಿದ್ದಾಗಲೇ ಇನ್ನೊಂದು ಸಂಗತಿ ಹೊರಬಂತು.

"ಬೆರಳು ಸುಣ್ಣ ಬಳ್ದಂಗೆ ಬೆಳ್ಳಗಾಯ್ತವೆ ಡಾಕ್ಟ್ರೇ. ಆಮೇಲೆ ನೀಲಿಗಾಗಿ, ಕೆಂಪಾಗಿ ಉರೀತವೆ. ಬೆಳ್ಳಗಿದ್ದಾಗ ಮೆಷಿನ್ ಬಟನ್ ಒತ್ತಿದ್ರೂ ಗೊತ್ತಾಗಕಿಲ್ಲ."

ಇದು ಮೂರು ವರ್ಷದಿಂದ ಇದೆ. ಮೊದಲು ಚಳಿಗಾಲದಲ್ಲಿ ಮಾತ್ರ ಇತ್ತು. ಎರಡು ವರ್ಷದಿಂದ ಜಾಸ್ತಿಯಾಗಿ, ಮಳೆಗಾಲದಲ್ಲೂ ಶುರುವಾಯಿತು. ಈಗ ಫ್ರಿಜ್‌ನಿಂದ ಹಿಟ್ಟು ತೆಗೆದರೂ ಬರುತ್ತದೆ. ಒಬ್ಬರು ರಕ್ತ ಕಮ್ಮಿ ಎಂದಿದ್ದರು. ಇನ್ನೊಬ್ಬರು ನರ ವೀಕ್ ಎಂದು ಬಿ12 ಇಂಜೆಕ್ಷನ್ ಕೊಟ್ಟಿದ್ದರು. ಹುಣ್ಣಾಗುವವರೆಗೂ ಯಾರೂ ಇದನ್ನು ಒಂದು ಕಾಯಿಲೆ ಎಂದು ನೋಡಿರಲಿಲ್ಲ. ನನಗೆ ಬೇಸರ ತರಿಸುವುದು ಇದೇ. ಆ ಹೆಣ್ಣುಮಗಳು ಹೇಳಿದ ಒಂದೇ ವಾಕ್ಯದಲ್ಲಿ ಇಡೀ ರೋಗನಿರ್ಣಯ ಇತ್ತು. ಬಿಳಿ, ಆಮೇಲೆ ನೀಲಿ, ಆಮೇಲೆ ಕೆಂಪು. ಫ್ರಾನ್ಸಿನ ವೈದ್ಯ ಮೊರೀಸ್ ರೇನೋ 1862ರಲ್ಲಿ ತನ್ನ ಪ್ರಬಂಧದಲ್ಲಿ ಬರೆದಿಟ್ಟ ಕಾಯಿಲೆ ಇದು, ಅದಕ್ಕೇ ಇದರ ಹೆಸರೂ ರೇನೋ.

ನಮ್ಮ ಕಡೆ ಇದನ್ನು ಯಾಕೆ ಗುರುತಿಸುವುದಿಲ್ಲ ಎಂದರೆ, ಹಿಮ ಬೀಳುವ ದೇಶದ ಕಾಯಿಲೆ ಎಂಬ ಭಾವನೆ ಗಟ್ಟಿಯಾಗಿದೆ. ಮಂಡ್ಯ, ಮೈಸೂರಲ್ಲಿ ಜನವರಿ ಬೆಳಗ್ಗೆ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ. ಇದೂ ಒಂದು ಚಳಿಯಾ ಅನ್ನಿಸಬಹುದು. ಆದರೆ ರೇನೋ ಇರುವವರಿಗೆ ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಎಷ್ಟು ಬೇಗ ತಣ್ಣಗಾಯಿತು ಅನ್ನುವುದು ಮುಖ್ಯ. ಬೆಚ್ಚಗಿನ ಹಾಸಿಗೆಯಿಂದ ಎದ್ದು, ಮಂಜಿನಲ್ಲಿ ಮೊಪೆಡ್ ಹತ್ತಿ, ನಾಲೆ ಏರಿ ಮೇಲೆ ಹೋಗಿ, ತಣ್ಣನೆ ಸ್ಟೀಲ್ ಮುಟ್ಟಿದರೆ ಸಾಕು. ನಮ್ಮ ಚರ್ಮದ ಬಣ್ಣದಲ್ಲಿ ಬಿಳಿಚುವುದು ಕೈ ಮೇಲ್ಭಾಗದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅಂಗೈ ಕಡೆ, ಉಗುರಿನ ಕೆಳಗೆ ನೋಡಬೇಕು. ಸಾವಿತ್ರಮ್ಮನ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟಿದ್ದಳು. ಮೂರು ಬೆರಳು ಅರ್ಧದವರೆಗೆ ಗೆರೆ ಎಳೆದ ಹಾಗೆ ಬಿಳಿ. ಅಂಥ ಒಂದು ಫೋಟೋ ಹತ್ತು ರಕ್ತಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ಒಳಗೆ ಆಗುವುದೇನು? ಚಳಿ ತಾಗಿದಾಗ ಬೆರಳಿನ ಸಣ್ಣ ರಕ್ತನಾಳಗಳು ಕಿರಿದಾಗುವುದು ಎಲ್ಲರಿಗೂ ಸಹಜ. ದೇಹ ತನ್ನ ಶಾಖವನ್ನು ಒಳಗೆ ಉಳಿಸಿಕೊಳ್ಳುವ ರೀತಿ ಅದು. ರೇನೋದಲ್ಲಿ ಈ ಬಿಗಿತ ಅತಿಯಾಗುತ್ತದೆ. ನಾಳದ ಗೋಡೆಯ ಸ್ನಾಯುವಿನಲ್ಲಿ ಆಲ್ಫಾ-2ಸಿ ಎಂಬ ಗ್ರಾಹಕಗಳಿವೆ. ಬೆಚ್ಚಗಿರುವಾಗ ಅವು ಜೀವಕೋಶದ ಒಳಗೆ ಸುಮ್ಮನಿರುತ್ತವೆ, ತಣ್ಣಗಾದಾಗ ಮೇಲ್ಮೈಗೆ ಬರುತ್ತವೆ. ಆಗ ನರದಿಂದ ಬರುವ ಸಣ್ಣ ಸೂಚನೆಗೂ ನಾಳ ಪೂರ್ತಿ ಮುಚ್ಚಿಕೊಳ್ಳುತ್ತದೆ. ರಕ್ತ ನಿಂತಾಗ ಬಿಳಿ, ಉಳಿದ ರಕ್ತದಲ್ಲಿ ಆಕ್ಸಿಜನ್ ಖಾಲಿಯಾದಾಗ ನೀಲಿ, ನಾಳ ತೆರೆದು ರಕ್ತ ನುಗ್ಗಿದಾಗ ಕೆಂಪು ಮತ್ತು ಉರಿ. ಗಾಬರಿ, ಸಿಟ್ಟು, ದುಃಖಕ್ಕೂ ಇದೇ ನರಗಳು ಕೆಲಸ ಮಾಡುತ್ತವೆ. ಆದ್ದರಿಂದ ಚಳಿ ಇಲ್ಲದೆಯೂ ಒಮ್ಮೊಮ್ಮೆ ಬೆರಳು ಬಿಳಿಚಬಹುದು.

ಮಾತ್ರೆಗೂ ಮೊದಲ ಪ್ರಶ್ನೆ

ರೇನೋದಲ್ಲಿ ಎರಡು ಬಗೆ. ಒಂದು ತಾನಾಗಿಯೇ ಬರುವುದು. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ವರ್ಷದೊಳಗೆ, ಹೆಣ್ಣುಮಕ್ಕಳಲ್ಲಿ ಜಾಸ್ತಿ. ಎರಡೂ ಕೈಗೆ ಒಂದೇ ರೀತಿ ಬರುತ್ತದೆ, ಹುಣ್ಣಾಗುವುದಿಲ್ಲ, ಪರೀಕ್ಷೆಗಳೆಲ್ಲ ಸರಿ ಇರುತ್ತವೆ. ತೊಂದರೆ ಕೊಡುತ್ತದೆ, ಅಪಾಯ ಇಲ್ಲ. ಹೆಚ್ಚಿನವರು ಈ ಗುಂಪಿನವರೇ. ಇನ್ನೊಂದು ಬಗೆಯ ಹಿಂದೆ ಬೇರೆ ಕಾರಣ ಇರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗುವ ಕಾಯಿಲೆ), ಲೂಪಸ್‌ನಂಥದ್ದು ಇರಬಹುದು, ಕೆಲಸ ಇರಬಹುದು, ಔಷಧಿ ಇರಬಹುದು. ಪಾಂಡವಪುರದ ಕಡೆಯ ಕಲ್ಲು ಕ್ವಾರಿಯಲ್ಲಿ ವರ್ಷಗಟ್ಟಲೆ ಡ್ರಿಲ್ಲಿಂಗ್ ಮೆಷಿನ್ ಹಿಡಿದವರು ಇದೇ ದೂರು ಹೇಳಿದರೆ, ಆ ಅದುರುವಿಕೆಯನ್ನೇ ಮೊದಲು ಅನುಮಾನಿಸಬೇಕು. ಬೀಡಿ ಸೇದುವ ಮೂವತ್ತೈದರ ಗಂಡಸು ಬೆರಳ ತುದಿ ಕಪ್ಪಾಗಿ ಬಂದರೆ ಹೊಗೆಸೊಪ್ಪಿನಿಂದ ಕೈಕಾಲಿನ ರಕ್ತನಾಳ ಮುಚ್ಚಿಕೊಳ್ಳುವ ಬರ್ಗರ್ ಕಾಯಿಲೆ ನೆನಪಾಗಬೇಕು. ಅದು ಬೇರೆ ದಾರಿ.

ಸಾವಿತ್ರಮ್ಮನಿಗೆ ಶುರುವಾದದ್ದು 38ಕ್ಕೆ. ಹುಣ್ಣೂ ಆಗಿದೆ. ಈ ಎರಡೇ ಸಂಗತಿ ಸಾಕು, ಇದು ಸುಮ್ನೆ ಬಂದದ್ದಲ್ಲ ಎಂದು ಹುಡುಕುವುದಕ್ಕೆ.

ಏನೇನು ಮಾತ್ರೆ ತಗೋತೀರಮ್ಮ ಎಂದು ಕೇಳಿದೆ. "ಏನೂ ಇಲ್ಲ" ಎಂದರು. ಇದು ಎಲ್ಲರೂ ಕೊಡುವ ಉತ್ತರ. ಕಾಯಂ ಆಗಿ ತೆಗೆದುಕೊಳ್ಳುವ ಮಾತ್ರೆ ಜನರಿಗೆ ಮಾತ್ರೆ ಅನ್ನಿಸುವುದೇ ಇಲ್ಲ. ಬ್ಯಾಗ್ ತೆಗೆದು ತೋರಿಸಿ ಎಂದಾಗ ಎರಡು ಪಟ್ಟಿ ಸಿಕ್ಕವು. ಅರೆತಲೆನೋವು ಬಾರದಿರಲಿ ಎಂದು ದಿನಕ್ಕೆರಡು ಸಲ ಪ್ರೊಪ್ರನೊಲಾಲ್ 40 ಮಿಲಿಗ್ರಾಂ, ಎರಡು ವರ್ಷದಿಂದ. ಇನ್ನೊಂದು, ತಲೆನೋವು ಬಂದಾಗ ನುಂಗುವ ಎರ್ಗಟಮೀನ್ ಇರುವ ಮಾತ್ರೆ. ಬೆರಳಿನ ತೊಂದರೆ ಜಾಸ್ತಿಯಾದದ್ದೂ ಎರಡು ವರ್ಷದಿಂದಲೇ ಅಲ್ವಾ.

ಪ್ರೊಪ್ರನೊಲಾಲ್ ಅರೆತಲೆನೋವಿಗೆ ಒಳ್ಳೆಯ ಔಷಧಿ. ಆದರೆ ಆ ಗುಂಪಿನ ಬೀಟಾ ಬ್ಲಾಕರ್‌ಗಳು ಕೈಕಾಲಿನ ತುದಿಗೆ ಹೋಗುವ ರಕ್ತ ಕಡಿಮೆ ಮಾಡಬಲ್ಲವು. ರೇನೋ ಇದ್ದರೆ ಅದನ್ನು ಕೆದಕುತ್ತವೆ. ಎರ್ಗಟಮೀನ್ ಇನ್ನೂ ನೇರ. ರಕ್ತನಾಳ ಬಿಗಿ ಮಾಡುವುದೇ ಅದರ ಕೆಲಸ. ಬೆರಳ ತುದಿಯಲ್ಲಿ ಹುಣ್ಣಿರುವವರಿಗೆ ಅದನ್ನು ಕೊಡಲೇಬಾರದು. ತಲೆನೋವಿಗೆ ಕೊಡುವ ಟ್ರಿಪ್ಟಾನ್‌ಗಳು, ನೆಗಡಿಗೆ ಅಂಗಡಿಯಲ್ಲೇ ಕೊಡುವ ಸ್ಯೂಡೋಎಫೆಡ್ರಿನ್, ಫಿನೈಲೆಫ್ರಿನ್ ಇರುವ ಮಾತ್ರೆಗಳು, ಕೆಲವು ಕ್ಯಾನ್ಸರ್ ಔಷಧಿಗಳು, ಗಮನದ ಕೊರತೆಗೆ ಮಕ್ಕಳಿಗೆ ಕೊಡುವ ಮಾತ್ರೆಗಳು, ಇವೂ ಅದೇ ಪಟ್ಟಿಯಲ್ಲಿವೆ. ಹೊಸ ಮಾತ್ರೆ ಬರೆಯುವ ಮೊದಲು ಹಳೆಯ ಯಾವ ಮಾತ್ರೆ ನಿಲ್ಲಿಸಬಹುದು ಎಂದು ನೋಡುವುದು ರೇನೋ ಚಿಕಿತ್ಸೆಯ ಮೊದಲ ಹೆಜ್ಜೆ. ಇದಕ್ಕೆ ದುಡ್ಡು ಬೇಡ, ಮೆಷಿನ್ ಬೇಡ. ಬ್ಯಾಗ್ ತೆರೆದು ನೋಡುವ ತಾಳ್ಮೆ ಸಾಕು.

ಎರ್ಗಟಮೀನ್ ಅಂದೇ ನಿಂತಿತು. ಪ್ರೊಪ್ರನೊಲಾಲ್ ಹಾಗೆ ಥಟ್ಟನೆ ನಿಲ್ಲಿಸುವಂತಿಲ್ಲ, ಎದೆಬಡಿತ ಜೋರಾಗಬಹುದು, ಬಿಪಿ ಏರಬಹುದು. ಎರಡು ವಾರದಲ್ಲಿ ಹಂತಹಂತವಾಗಿ ಇಳಿಸಿದೆವು.

ಉಗುರಿನ ಬುಡದಲ್ಲಿ ಕಂಡದ್ದು

ಎರಡೂ ಕೈಯ ನಾಡಿ ಸಮ ಇತ್ತು. ಬಿಪಿ 106/68. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಬೆರಳುಗಳು ಸ್ವಲ್ಪ ಊದಿದ್ದವು. ಉಂಗುರ ತೆಗೆದು ಪೆಟ್ಟಿಗೆಯಲ್ಲಿಟ್ಟು ವರ್ಷ ಆಯಿತಂತೆ. ನಡುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ಹಳೆಯ ಗುಳಿ. ಎದೆಯುರಿ, ಹುಳಿತೇಗು ಇದೆಯಾ ಎಂದು ಕೇಳಿದಾಗ, ಅದು ಎಲ್ಲರಿಗೂ ಇರುವುದೇ ಎಂದು ನಕ್ಕರು.

ಉಗುರಿನ ಬುಡದ ಚರ್ಮದ ಮೇಲೆ ಒಂದು ಹನಿ ಎಣ್ಣೆ ಹಾಕಿ, ಚರ್ಮದ ವೈದ್ಯರು ಬಳಸುವ ಡರ್ಮೋಸ್ಕೋಪ್ ಇಟ್ಟು ನೋಡಿದರೆ ಅತಿ ಸಣ್ಣ ರಕ್ತನಾಳಗಳು ಕಾಣುತ್ತವೆ. ಆರೋಗ್ಯವಂತರಲ್ಲಿ ಅವು ಒಂದೇ ಅಳತೆಯಲ್ಲಿ, ಸಾಲಾಗಿ ಇರುತ್ತವೆ. ಸಾವಿತ್ರಮ್ಮನ ಬೆರಳಲ್ಲಿ ಕೆಲವು ನಾಳ ದಪ್ಪಗೆ ಹಿಗ್ಗಿದ್ದವು, ಅಲ್ಲಲ್ಲಿ ಜಾಗ ಖಾಲಿ, ಒಂದೆರಡು ಕಡೆ ರಕ್ತ ಒಸರಿದ ಚುಕ್ಕೆ. ಐದು ನಿಮಿಷದ ಈ ಪರೀಕ್ಷೆ ರೇನೋದ ಎರಡು ಬಗೆಯನ್ನು ಬೇರೆ ಮಾಡುವುದರಲ್ಲಿ ಬಹಳ ನಂಬಿಕಸ್ಥ. ಬೆರಳು ಬಿಳಿಚುತ್ತದೆ ಎಂದು ಬರುವ ಪ್ರತಿಯೊಬ್ಬರಿಗೂ ಇದನ್ನು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಕಿಡ್ನಿ ಎಲ್ಲ ಸರಿ. ಎಎನ್‌ಎ, ಅಂದರೆ ದೇಹ ತನ್ನದೇ ಜೀವಕೋಶಗಳ ವಿರುದ್ಧ ಮಾಡುವ ಪ್ರತಿಕಾಯಗಳ ಪರೀಕ್ಷೆ, ಪಾಸಿಟಿವ್. ಮುಂದಿನ ಪರೀಕ್ಷೆಯಲ್ಲಿ, ಸ್ಕ್ಲೆರೋಡರ್ಮಾದ ಸುಳಿವು ಕೊಡುವ ಆ್ಯಂಟಿ-ಸೆಂಟ್ರೋಮಿಯರ್ ಎಂಬ ಪ್ರತಿಕಾಯ ಪಾಸಿಟಿವ್. ಸ್ಕ್ಲೆರೋಡರ್ಮಾ ಗುರುತಿಸಲು 2013ರಿಂದ ಒಂದು ಅಂಕಪಟ್ಟಿ ಬಳಕೆಯಲ್ಲಿದೆ. 9 ಅಂಕ ಬಂದರೆ ಸಾಕು. ರೇನೋಗೆ 3, ಪ್ರತಿಕಾಯಕ್ಕೆ 3, ಬೆರಳ ತುದಿಯ ಗುಳಿಗೆ 3, ಊದಿದ ಬೆರಳಿಗೆ 2, ಉಗುರಿನ ಬುಡದ ನಾಳಕ್ಕೆ 2. ಒಟ್ಟು 13. ಚರ್ಮ ಇನ್ನೂ ಬಿಗಿದುಕೊಂಡಿರಲಿಲ್ಲ. ಅಂದರೆ ಕಾಯಿಲೆ ಇನ್ನೂ ಎಳೆಯದಾಗಿರುವಾಗಲೇ ಸಿಕ್ಕಿತ್ತು. ನಿಧಾನವಾಗಿ ಸಾಗುವ, ಸೀಮಿತ ಬಗೆಯದು ಎಂದು ತೀರ್ಮಾನಿಸಿ ಸಂಧಿವಾತ ತಜ್ಞರ ಜೊತೆ ಸೇರಿ ಮುಂದಿನ ಚಿಕಿತ್ಸೆ ಯೋಚಿಸಿದೆವು. ಎದೆಯ ಸ್ಕ್ಯಾನ್, ಹೃದಯದ ಎಕೋ, ಶ್ವಾಸಕೋಶದ ಪರೀಕ್ಷೆ ಮೂರೂ ಸರಿ ಬಂದವು.

ಊದಿದ ಬೆರಳಿಗೆ ಸ್ಟೆರಾಯ್ಡ್ ಕೊಟ್ಟರೆ ಬೇಗ ಇಳಿಯಲ್ವಾ, ನಮ್ಮ ಅತ್ತಿಗೆಗೆ ಕೀಲೂತಕ್ಕೆ ಕೊಟ್ಟಿದ್ದರು ಎಂದು ಗಂಡ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ರೇನೋಗೆ ಸ್ಟೆರಾಯ್ಡ್‌ನಿಂದ ಉಪಯೋಗ ಇಲ್ಲ. ಸ್ಕ್ಲೆರೋಡರ್ಮಾದಲ್ಲಂತೂ ಹೆಚ್ಚು ಪ್ರಮಾಣದ ಸ್ಟೆರಾಯ್ಡ್ ಕಿಡ್ನಿಗೆ ದಿಢೀರ್ ಪೆಟ್ಟು ಕೊಡಬಹುದು. ಬೇರೆ ಎಲ್ಲಿ ತೋರಿಸಿದರೂ ಈ ಕಾಯಿಲೆಯ ಹೆಸರು ಹೇಳಬೇಕು ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಟ್ಟೆ.

ಬೆಚ್ಚಗಿಡುವುದು ಎಂದರೆ

ಕೈಗವಸು ಹಾಕಿಕೊಳ್ಳಿ ಎಂದಷ್ಟೇ ಹೇಳಿ ಕಳಿಸುವುದು ನಮ್ಮಲ್ಲಿ ರೂಢಿ. ಅದು ಸಾಲದು. ಮೈ ತಣ್ಣಗಾದರೆ ಮೆದುಳು ಬೆರಳಿನ ನಾಳಗಳನ್ನೇ ಮೊದಲು ಮುಚ್ಚಿಸುತ್ತದೆ. ಎದೆ, ಹೊಟ್ಟೆ, ತಲೆ, ಕಾಲು ಬೆಚ್ಚಗಿದ್ದರೆ ಮಾತ್ರ ಕೈ ಬೆಚ್ಚಗಿರುತ್ತದೆ. ಸಾವಿತ್ರಮ್ಮ ಚಳಿಯಾದ ಮೇಲೆ ಸ್ವೆಟರ್ ಹಾಕುತ್ತಿದ್ದರು. ಮನೆಯೊಳಗಿರುವಾಗಲೇ, ಹೊರಡುವ ಮುಂಚೆಯೇ ಹಾಕಬೇಕು. ರವಿಕೆ ಮೇಲೆ ಉದ್ದ ತೋಳಿನ ಬನಿಯನ್, ಅದರ ಮೇಲೆ ಸ್ವೆಟರ್, ಕಿವಿ ಮುಚ್ಚುವ ಮಫ್ಲರ್, ಕಾಲಿಗೆ ಸಾಕ್ಸ್. ಒಂದು ದಪ್ಪ ಬಟ್ಟೆಗಿಂತ ತೆಳುವಾದ ಎರಡು ಪದರ ಮೇಲು.

ಇನ್ನೊಂದು ಅಭ್ಯಾಸ ತಪ್ಪಿಸಬೇಕಿತ್ತು. ಬೆರಳು ಬಿಳಿಚಿದ ಕೂಡಲೇ ಅವರು ಮನೆಗೆ ಓಡಿ ಹಂಡೆ ಒಲೆಯ ಬೆಂಕಿಗೆ ಕೈ ಹಿಡಿಯುತ್ತಿದ್ದರು. ಜೋಮು ಹಿಡಿದ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ಸುಟ್ಟುಕೊಂಡ ಮೇಲೆಯೇ ಗೊತ್ತಾಗುವುದು. ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಇಡಬಹುದು, ಅದೂ ಇನ್ನೊಬ್ಬರು ನೀರು ಮುಟ್ಟಿ ನೋಡಿದ ಮೇಲೆ. ನೀರಿಲ್ಲದಿದ್ದರೆ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಬಹುದು, ಇಲ್ಲವೇ ತೋಳನ್ನು ಗಾಳಿಯಲ್ಲಿ ದೊಡ್ಡದಾಗಿ ಸುತ್ತಿಸಬಹುದು. ರಕ್ತ ತುದಿಗೆ ಇಳಿಯುತ್ತದೆ.

ಟ್ಯಾಂಕು ತೊಳೆಯುವ ಕೆಲಸ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಕೆಲಸ ಹೋಗಿಬಿಡುತ್ತದೆ ಎಂಬ ಭಯ. ಡೇರಿಯಲ್ಲಿ ಕಾಯಿಲೆಯನ್ನು ಮೂರು ವರ್ಷ ಮುಚ್ಚಿಟ್ಟದ್ದೂ ಅದಕ್ಕೇ. ನಾನು ಒಂದು ಪತ್ರ ಬರೆದುಕೊಟ್ಟೆ: ಟೆಸ್ಟಿಂಗ್ ಮಾಡಬಹುದು, ತಣ್ಣೀರು ಮತ್ತು ತಣ್ಣನೆ ಲೋಹದ ಕೆಲಸ ಬೇಡ. ಡೇರಿಯವರು ಒಪ್ಪಿದರು. ತೊಳೆಯುವ ಕೆಲಸ ಇನ್ನೊಬ್ಬರಿಗೆ ಹೋಯಿತು. ಅವರು ಉದ್ದ ಹಿಡಿಯ ಬ್ರಷ್ ತರಿಸಿಕೊಂಡರು. ಸ್ಯಾಂಪಲ್ ತೆಗೆಯುವಾಗ ಸಾವಿತ್ರಮ್ಮ ಒಳಗೆ ತೆಳು ಹತ್ತಿ ಗವಸು, ಮೇಲೆ ರಬ್ಬರ್ ಗವಸು ಹಾಕಿಕೊಳ್ಳುತ್ತಾರೆ. ಈ ಚಿಕಿತ್ಸೆಯಲ್ಲಿ ಯಾವ ಮಾತ್ರೆಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಆ ಪತ್ರ ಎಂದು ನನಗನ್ನಿಸುತ್ತದೆ.

ಮಾತ್ರೆಯ ಆಯ್ಕೆ

ರೇನೋಗೆ ಮೊದಲ ಸಾಲಿನ ಔಷಧಿ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳು. ನಾಳದ ಗೋಡೆಯ ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಒಳಹೋಗಬೇಕು. ಇವು ಆ ದಾರಿ ಅಡ್ಡಗಟ್ಟುತ್ತವೆ. ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಹೆಚ್ಚು ಬಳಕೆಯಲ್ಲಿದೆ. ಆಮ್ಲೊಡಿಪಿನ್ ಇನ್ನೊಂದು. ಎರಡೂ ಅಗ್ಗ, ಜನೌಷಧಿ ಅಂಗಡಿಯಲ್ಲೂ ಸಿಗುತ್ತವೆ. ಬಿಳಿಚುವುದು ಪೂರ್ತಿ ನಿಲ್ಲುವುದಿಲ್ಲ. ಸಂಖ್ಯೆ ಇಳಿಯುತ್ತದೆ, ನೋವು ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ತಿಂಗಳೊಳಗೆ ಮಾತ್ರೆ ಬಿಟ್ಟುಬಿಡುತ್ತಾರೆ.

ಇಲ್ಲಿ ತೊಡಕು ಇತ್ತು. ನಿಫೆಡಿಪಿನ್ ಶುರುಮಾಡಿದ ಮೊದಲ ದಿನಗಳಲ್ಲಿ ತಲೆನೋವು ಸಾಮಾನ್ಯ. ಸಾವಿತ್ರಮ್ಮನಿಗೆ ಅರೆತಲೆನೋವು ಮೊದಲೇ ಇದೆ, ತಡೆಯುವ ಮಾತ್ರೆಯನ್ನು ಈಗಷ್ಟೇ ನಿಲ್ಲಿಸುತ್ತಿದ್ದೇವೆ. ಈ ಗುಂಪಿನ ಔಷಧಿಗಳು ಅನ್ನನಾಳದ ಕೆಳಗಿನ ಬಿಗಿಯನ್ನೂ ಸಡಿಲಿಸುತ್ತವೆ, ಎದೆಯುರಿ ಹೆಚ್ಚಾಗಬಹುದು. ಇವು ಬಿಪಿಯನ್ನೂ ಇಳಿಸುತ್ತವೆ, ಅವರ ಬಿಪಿ ಮೊದಲೇ ಬರೀ 106. ಒಂದು ಕಡೆ ಸರಿಮಾಡಲು ಹೋದರೆ ಇನ್ನೊಂದು ಕಡೆ ಕೆಡುವ ಸಂದರ್ಭ.

ಆಮ್ಲೊಡಿಪಿನ್ ಆರಿಸಿದೆವು. ತಲೆನೋವು ಸ್ವಲ್ಪ ಕಡಿಮೆ ತರುತ್ತದೆ ಎಂಬುದು ಕಾರಣ. ರಾತ್ರಿ 2.5 ಮಿಲಿಗ್ರಾಂನಿಂದ ಶುರುಮಾಡಿ, ಬಿಪಿ ನೋಡಿಕೊಂಡು 5ಕ್ಕೆ ಏರಿಸಿದೆವು. ಎದೆಯುರಿಗೆ ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್. ರಾತ್ರಿ ಮುದ್ದೆ ಉಂಡು ತಕ್ಷಣ ಮಲಗಬೇಡಿ, ಮಂಚದ ತಲೆಭಾಗದ ಕಾಲಿಗೆ ಒಂದೊಂದು ಇಟ್ಟಿಗೆ ಇಡಿ ಎಂದೆ. ಅರೆತಲೆನೋವು ತಡೆಯಲು ರಾತ್ರಿ ಫ್ಲುನಾರಿಜಿನ್, ಕೆಲವು ತಿಂಗಳ ಮಟ್ಟಿಗೆ ಮಾತ್ರ. ಟೊಪಿರಮೇಟ್ ಕೂಡ ಯೋಚಿಸಿದ್ದೆವು. ಅದು ಬೆರಳಿನಲ್ಲಿ ಜುಮ್ಮೆನ್ನಿಸುತ್ತದೆ, ಆಮೇಲೆ ಯಾವುದು ಕಾಯಿಲೆ, ಯಾವುದು ಮಾತ್ರೆ ಎಂದು ಗೊತ್ತಾಗದೆ ಹೋಗುತ್ತದೆ. ನೋವು ಬಂದಾಗ ಪ್ಯಾರಾಸಿಟಮಾಲ್ ಅಷ್ಟೇ.

ಬಿಳಿಚಿದ ದಿನ, ಹೊತ್ತು, ಎಷ್ಟು ಹೊತ್ತು ಇತ್ತು ಎಂದು ಬರೆದಿಡಿ ಎಂದಿದ್ದೆ. ವರ್ಷಗಟ್ಟಲೆ ಫ್ಯಾಟ್ ರಿಜಿಸ್ಟರ್ ಬರೆದ ಕೈ ಅದು. ಗೆರೆ ಹಾಕಿ, ಕಾಲಂ ಮಾಡಿ ತಂದರು. ದಿನಕ್ಕೆ ನಾಲ್ಕೈದು ಸಲ ಇದ್ದದ್ದು ಒಂದು ತಿಂಗಳಲ್ಲಿ ಎರಡಕ್ಕೆ ಇಳಿದಿತ್ತು. ಆದರೆ ಹುಣ್ಣು ಅಷ್ಟೇ ಇತ್ತು. ರಾತ್ರಿ ನಿದ್ದೆ ಕೆಡಿಸುವಷ್ಟು ನೋವು.

ಹುಣ್ಣಿರುವ ರೇನೋಗೆ ಒಂದು ಮಾತ್ರೆ ಸಾಲದಿದ್ದರೆ ಮುಂದಿನದು ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್. ಗಂಡಸರ ಸಮಸ್ಯೆಗೆ ಕೊಡುವ ಮಾತ್ರೆ ಎಂದು ಊರಿಗೆಲ್ಲ ಗೊತ್ತು. ಶ್ವಾಸಕೋಶದ ರಕ್ತದೊತ್ತಡಕ್ಕೂ, ಬೆರಳಿನ ರಕ್ತಸಂಚಾರಕ್ಕೂ ಅದೇ ಔಷಧಿ ಎಂಬುದು ಕಡಿಮೆ ಜನಕ್ಕೆ ಗೊತ್ತು. ಚೀಟಿ ಕೊಡುವ ಮೊದಲು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಇದನ್ನು ಬಿಡಿಸಿ ಹೇಳಿದೆ. ಹೇಳದೆ ಕಳಿಸಿದರೆ ಮೆಡಿಕಲ್ ಶಾಪಿನವರ ಒಂದು ನಗುವಿಗೆ ಹೆದರಿ ಅವರು ಮಾತ್ರೆ ಕೊಳ್ಳದೆ ವಾಪಸ್ ಹೋಗುತ್ತಾರೆ. ಹೃದಯದ ನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಇದನ್ನು ಎಂದೂ ಸೇರಿಸಬಾರದು, ಬಿಪಿ ಅಪಾಯಕ್ಕೆ ಇಳಿಯುತ್ತದೆ. ಸಿಲ್ಡೆನಾಫಿಲ್ 20 ಮಿಲಿಗ್ರಾಂ, ಮೊದಲು ದಿನಕ್ಕೆ ಒಂದು, ಬಿಪಿ ತಡೆದುಕೊಂಡಿತು ಎಂದು ಖಚಿತವಾದ ಮೇಲೆ ಮೂರು. ಹುಣ್ಣನ್ನು ದಿನಾ ತೊಳೆದು ಮುಚ್ಚಿಡುವುದು. ಕೀವು ಇರಲಿಲ್ಲ, ಆದ್ದರಿಂದ ಆ್ಯಂಟಿಬಯಾಟಿಕ್ ಬೇಡ ಎಂದೆವು. ಏಳು ವಾರದಲ್ಲಿ ಮಾಯಿತು.

ಮಾಯದಿದ್ದರೆ? ಆಸ್ಪತ್ರೆಗೆ ಸೇರಿಸಿ ಕೆಲವು ದಿನ ರಕ್ತನಾಳ ಹಿಗ್ಗಿಸುವ ಇಲೊಪ್ರೋಸ್ಟ್ ಅಥವಾ ಅಲ್‌ಪ್ರೋಸ್ಟಡಿಲ್ ಡ್ರಿಪ್ ಕೊಡುವ ದಾರಿ ಇತ್ತು. ಹೊಸ ಹುಣ್ಣು ಮತ್ತೆ ಮತ್ತೆ ಆಗುವವರಿಗೆ ಬೊಸೆಂಟನ್ ಇದೆ. ಅದಕ್ಕೆ ತಿಂಗಳು ತಿಂಗಳು ಲಿವರ್ ಪರೀಕ್ಷೆ ಬೇಕು, ಬಸುರಿಯರಿಗೆ ಕೊಡಲೇಬಾರದು. ಬೊಟುಲಿನಮ್ ಇಂಜೆಕ್ಷನ್, ಬೆರಳಿನ ನಾಳದ ಸುತ್ತಲಿನ ನರ ಬಿಡಿಸುವ ಆಪರೇಷನ್ ಕೊನೆಯ ಹಂತದವು. ಬೆರಳು ಗಂಟೆಗಟ್ಟಲೆ ಬಿಳಿ ಅಥವಾ ನೀಲಿಯಾಗೇ ಉಳಿದು ಬೆಚ್ಚಗೆ ಮಾಡಿದರೂ ತಿಳಿಯಾಗದಿದ್ದರೆ, ತುದಿ ಕಪ್ಪಾದರೆ, ಮರುದಿನದವರೆಗೆ ಕಾಯಬಾರದು. ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೋದರೆ ಬೆರಳು ಉಳಿಯುವ ಸಾಧ್ಯತೆ ಇರುತ್ತದೆ.

ಬೇಸಿಗೆಯಲ್ಲಿ ಸಿಲ್ಡೆನಾಫಿಲ್ ನಿಲ್ಲಿಸಿದೆವು. ಆಮ್ಲೊಡಿಪಿನ್‌ನಿಂದ ಕಾಲು ಊದಿಕೊಂಡಿತು, 2.5ಕ್ಕೆ ಇಳಿಸಿದಾಗ ಸರಿಹೋಯಿತು. ಮುಂದಿನ ನವೆಂಬರ್‌ನಲ್ಲಿ ಚಳಿ ಶುರುವಾಗುವ ಮೊದಲೇ ಸಿಲ್ಡೆನಾಫಿಲ್ ಮತ್ತೆ ಶುರುಮಾಡಿ, ಆಮ್ಲೊಡಿಪಿನ್ ಏರಿಸಿದೆವು. ಆ ಚಳಿಗಾಲದಲ್ಲಿ ಹೊಸ ಹುಣ್ಣು ಆಗಲಿಲ್ಲ. ಬಿಳಿಚುವುದು ವಾರಕ್ಕೆ ಮೂರು ನಾಲ್ಕು ಸಲ ಇತ್ತು, ಹೆಚ್ಚಾಗಿ ಕೈಗವಸು ಮರೆತ ದಿನ. ಅರೆತಲೆನೋವು ತಿಂಗಳಿಗೊಮ್ಮೆ ಬರುತ್ತದೆ, ಪ್ಯಾರಾಸಿಟಮಾಲ್‌ಗೆ ನಿಲ್ಲುತ್ತದೆ. ಫ್ಲುನಾರಿಜಿನ್ ನಿಂತಿದೆ.

ಈ ಬಗೆಯ ಸ್ಕ್ಲೆರೋಡರ್ಮಾದಲ್ಲಿ ಶ್ವಾಸಕೋಶದ ರಕ್ತದೊತ್ತಡ ಎಷ್ಟೋ ವರ್ಷದ ಮೇಲೆ ಸದ್ದಿಲ್ಲದೆ ಏರಬಹುದು. ಬೆರಳು ಸರಿಯಾಗಿದೆ ಎಂದು ಬರುವುದು ನಿಲ್ಲಿಸಬೇಡಿ ಎಂದು ಪ್ರತಿ ಸಲ ಹೇಳುತ್ತೇನೆ. ವರ್ಷಕ್ಕೊಮ್ಮೆ ಎಕೋ ಮತ್ತು ಶ್ವಾಸಕೋಶದ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಬಿಪಿ ನೋಡಿಕೊಳ್ಳಬೇಕು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ಆ ತಿಂಗಳೇ ಬರಬೇಕು. ಮುಂದಿನ ಎಕೋ ಡಿಸೆಂಬರ್‌ನಲ್ಲಿದೆ.